ಆರು ಪೊಟ್ಟಣ ಬೀಜ, ಮೂರು ಚಕ್ರಮುನಿ ಕಡ್ಡಿ: ಕೋಲಾರದ ಹಿತ್ತಲಲ್ಲಿ ಒಂದು ಹಂಗಾಮಿನ ಪರೀಕ್ಷೆ

ಕೋಲಾರದ ಒಂದು ಬೀಜದಂಗಡಿಯಲ್ಲಿ 'ಅಪರೂಪದ ತರಕಾರಿ ಕಟ್ಟು' ಎಂಬ ಹೆಸರಲ್ಲಿ 320 ರೂಪಾಯಿಗೆ ಸಿಗುವ ಚೀಲದ ವಿಮರ್ಶೆ ಇದು. ಒಳಗಿರುವುದು ರೆಕ್ಕೆ ಅವರೆ 10 ಬೀಜ, ಕತ್ತಿ ಅವರೆ 5, ಮಡಹಾಗಲ 10, ಗೊಂಚಲು ಹೀರೆ 8, ಕೆಂಪು ಬೆಂಡೆ 20, ಕೆಂಪು ಪುಂಡಿ ಒಂದು ಚಿಟಿಕೆ, ಜೊತೆಗೆ ಒದ್ದೆ ಬಟ್ಟೆಯಲ್ಲಿ ಸುತ್ತಿದ ಚಕ್ರಮುನಿ ಸೊಪ್ಪಿನ ಕಡ್ಡಿ 3. ತರಕಾರಿಗಳ ಆಯ್ಕೆ ನಿಜಕ್ಕೂ ಚೆನ್ನಾಗಿದೆ, ಬೀಜವೂ ಬಹುಪಾಲು ಜೀವಂತವಾಗಿದೆ. ಆದರೆ ಪೊಟ್ಟಣದ ಮೇಲಿನ ಬರಹವನ್ನು ನಂಬಿ ಬಿತ್ತಿದರೆ ಏಳರಲ್ಲಿ ಮೂರು ತಟ್ಟೆಗೆ ಬರುವುದೇ ಇಲ್ಲ, ಇನ್ನೊಂದರ ವಿಷಯದಲ್ಲಿ ಆರೋಗ್ಯಕ್ಕೇ ಕುತ್ತು.

ಆರೂ ಪೊಟ್ಟಣದ ಮೇಲೆ ಅಚ್ಚಾಗಿರುವುದು ಒಂದೇ ಮಾತು: 'ವರ್ಷಪೂರ್ತಿ ಬೆಳೆಯಬಹುದು, ರಾತ್ರಿ ನೆನೆಸಿ ಬಿತ್ತಿ, ದಿನಾ ನೀರು ಹಾಕಿ.' ಕಟ್ಟಿದ ತಿಂಗಳಿಲ್ಲ, ಯಾವ ಹಂಗಾಮಿನ ಬೀಜ ಎಂದಿಲ್ಲ, ಮೊಳಕೆಯ ಪ್ರಮಾಣವಿಲ್ಲ. 1966ರ ಬೀಜ ಕಾಯ್ದೆಯ ಲೇಬಲ್ ನಿಯಮ ಅಧಿಸೂಚಿತ, ಅಂದರೆ ಸರ್ಕಾರ ಹೆಸರಿಸಿ ಪ್ರಕಟಿಸಿದ ತಳಿಗಳಿಗೆ ಅನ್ವಯಿಸುವಂಥದ್ದು. ಹೀಗಾಗಿ ಇಂಥ ನಾಟಿ ಬೀಜ ಕೊಳ್ಳುವಾಗ ಕೇಳಿ ತಿಳಿಯುವ ಹೊಣೆ ಕೊಳ್ಳುವವರ ಮೇಲೇ ಬೀಳುತ್ತದೆ. ಅಂಗಡಿಯಲ್ಲಿ ಮೂರು ಪ್ರಶ್ನೆ ಕೇಳಿ: ಯಾವ ತಿಂಗಳಲ್ಲಿ ಒಣಗಿಸಿದ್ದು, ಯಾವ ತಿಂಗಳಲ್ಲಿ ಬಿತ್ತಬೇಕು, ಗಂಡು-ಹೆಣ್ಣು ಗಿಡ ಬೇರೆ ಬೇರೆಯೇ. ಮೂರನೆಯದು ಮಡಹಾಗಲಕ್ಕೆ ಮಾತ್ರ, ಆದರೆ ಅದಕ್ಕೆ ಉತ್ತರ ಸಿಗದಿದ್ದರೆ ಆ ಪೊಟ್ಟಣವನ್ನು ಅಲ್ಲೇ ಬಿಟ್ಟು ಬರುವುದು ಒಳ್ಳೆಯದು.

ಕಟ್ಟಿನ ಬೆಲೆಯಲ್ಲಿ ಅರ್ಧ ರೆಕ್ಕೆ ಅವರೆಗೇ ಸಲ್ಲಬೇಕು. ಕಾಯಿ ನಾಲ್ಕು ಮೂಲೆಯದು, ಮೂಲೆಗೊಂದು ಅಂಚು ಕತ್ತರಿಸಿದ ನಿರಿಗೆಯ ಹಾಗೆ ಉದ್ದಕ್ಕೂ ಇಳಿದಿರುತ್ತದೆ. ಅಡ್ಡಲಾಗಿ ಹೆಚ್ಚಿದರೆ ಹೋಳು ನಕ್ಷತ್ರದಂತೆ ಕಾಣುತ್ತದೆ. ಎಲೆ, ಹೂ, ಎಳೆ ಕಾಯಿ, ಬೀಜ, ಬೇರಿನ ಗೆಡ್ಡೆ ಎಲ್ಲವೂ ಆಹಾರ. 1975ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿ ಈ ಒಂದು ಬಳ್ಳಿಗಾಗಿಯೇ ಪ್ರತ್ಯೇಕ ವರದಿ ತಂದು, ಉಷ್ಣವಲಯದ ಪ್ರೋಟೀನ್ ಬೆಳೆ ಎಂದು ಕೊಂಡಾಡಿತ್ತು. ಇಷ್ಟೆಲ್ಲ ಗುಣವಿರುವ ಬಳ್ಳಿ ನಮ್ಮ ಕಡೆ ಹಲವರ ಮನೆಯಲ್ಲಿ ಬರೀ ಸೊಪ್ಪಾಗಿ ಉಳಿದುಬಿಡುತ್ತದೆ. ಕಾರಣ ಕೋಲಾರದವರಿಗೆ ಹೊಸದೇನಲ್ಲ: ಸೊಗಡಿನ ಅವರೆ ಯಾಕೆ ಸಂಕ್ರಾಂತಿ ಹೊತ್ತಿಗೇ ಬರುತ್ತದೆಯೋ ಅದೇ ಕಾರಣ. ಹಗಲು ಕುಗ್ಗದೆ ನಾಟಿ ಅವರೆ ಹೂ ಬಿಡುವುದಿಲ್ಲ. ವರ್ಷವಿಡೀ ಅವರೆ ಸಿಗಲೆಂದೇ ಬೆಂಗಳೂರು ಕೃಷಿ ವಿಶ್ವವಿದ್ಯಾಲಯ ಹಗಲಿನ ಹಂಗಿಲ್ಲದ ಹೆಬ್ಬಾಳ ಅವರೆ 3 ಮತ್ತು 4 ತಳಿಗಳನ್ನು ಕೊಟ್ಟದ್ದು. ರೆಕ್ಕೆ ಅವರೆಯ ನಾಟಿ ಬೀಜಕ್ಕೆ ಆ ಹಂಗು ಇನ್ನೂ ಇದೆ. ನಮ್ಮಲ್ಲಿ ಜೂನ್‌ನ ಹಗಲು ಹೆಚ್ಚುಕಡಿಮೆ 13 ಗಂಟೆ, ಡಿಸೆಂಬರ್‌ನಲ್ಲಿ ಸುಮಾರು 11 ಗಂಟೆ 20 ನಿಮಿಷ. ಫೆಬ್ರವರಿಯಲ್ಲಿ ಬಿತ್ತಿದರೆ ಬಳ್ಳಿ ಬೇಸಿಗೆಯೆಲ್ಲ ನೀರು ಕುಡಿದು ಚಪ್ಪರ ತುಂಬಿ, ಅಕ್ಟೋಬರ್‌ವರೆಗೆ ಒಂದು ಮೊಗ್ಗೂ ತೋರಿಸುವುದಿಲ್ಲ. ಜೂನ್ ಕೊನೆಯಿಂದ ಜುಲೈ 15ರೊಳಗೆ ಬಿತ್ತಿದರೆ ಅಕ್ಟೋಬರ್‌ನಲ್ಲಿ ತಿಳಿನೀಲಿ ಹೂ, ನವೆಂಬರ್‌ನಿಂದ ಜನವರಿವರೆಗೆ ಕಾಯಿ. ಬೀದಿದೀಪದ ಅಥವಾ ಪಕ್ಕದ ಮನೆಯ ಎಲ್‌ಇಡಿ ಬೆಳಕು ರಾತ್ರಿಯಿಡೀ ಬಳ್ಳಿಯ ಮೇಲೆ ಬೀಳುವಂತಿದ್ದರೆ ಜಾಗ ಬದಲಿಸಿ. ಬೆಳಕು ಬಿದ್ದ ಕಡೆ ಹೂ ತಡವಾಗುತ್ತದೆ.

ಬೀಜ ಗಟ್ಟಿ. ರಾತ್ರಿ ನೆನೆಸಿದರೆ ಸಾಕು ಎಂಬ ಸೂಚನೆ ಇಲ್ಲಿ ಕೈಕೊಡುತ್ತದೆ. ಬೆಳಿಗ್ಗೆ ನೋಡಿದರೆ 10ರಲ್ಲಿ 4 ಮಾತ್ರ ಉಬ್ಬಿ ಮಾಸಲಾಗಿರುತ್ತವೆ, ಉಳಿದವು ಹಾಕಿದಾಗಿನಂತೆಯೇ ಗುಂಡಗೆ ಹೊಳೆಯುತ್ತಿರುತ್ತವೆ. ಹೊಳೆಯುವುದನ್ನು ಹಾಗೇ ಮಣ್ಣಿಗೆ ಹಾಕಿದರೆ ತಿಂಗಳುಗಟ್ಟಲೆ ಮಲಗಿರುತ್ತವೆ. ಒಂದೊಂದನ್ನೇ ಒರೆಸಿ, ಕಣ್ಣಿನ (ಬೀಜ ಕಾಯಿಗೆ ಅಂಟಿದ್ದ ಗುರುತಿನ) ಎದುರು ಬದಿಯನ್ನು ಉಗುರು ಉಜ್ಜುವ ಅರದಿಂದ ನಾಲ್ಕೈದು ಸಲ ಉಜ್ಜಿ. ಕಂದು ಸಿಪ್ಪೆ ಹೋಗಿ ಸಾಸಿವೆಯಷ್ಟು ಬಿಳಿ ಚುಕ್ಕೆ ಕಂಡ ತಕ್ಷಣ ನಿಲ್ಲಿಸಿ. ಕಣ್ಣಿನ ಕಡೆ ಉಜ್ಜಿದರೆ ಮೊಳಕೆಗೇ ಪೆಟ್ಟು. ಮತ್ತೆ ಉಗುರುಬೆಚ್ಚಗಿನ ನೀರಿಗೆ ಹಾಕಿದರೆ ಏಳೆಂಟು ಗಂಟೆಯಲ್ಲಿ ಇಮ್ಮಡಿ ಉಬ್ಬುತ್ತವೆ. ಹೀಗೆ ಮಾಡಿದ್ದರಿಂದ 10ರಲ್ಲಿ 8 ಮೊಳೆತವು, ಅಂದರೆ ಬೀಜದ ಮೇಲೆ ದೂರಿಲ್ಲ.

ಒಂದು ಬಳ್ಳಿಗೆ ಕನಿಷ್ಠ 40 ಲೀಟರ್ ಮಣ್ಣು ಹಿಡಿಯುವ ಡ್ರಮ್ ಬೇಕು, ಇಲ್ಲವಾದರೆ ನೇರ ನೆಲ. ಮೂರ್ನಾಲ್ಕು ಮೀಟರ್ ಹತ್ತುವ ಬಳ್ಳಿಗೆ ಟೊಮೆಟೊ ತೋಟದವರು ಹಂಗಾಮು ಮುಗಿದ ಮೇಲೆ ಅಗ್ಗಕ್ಕೆ ಕೊಡುವ ನೀಲಗಿರಿ ಕಡ್ಡಿ ಚೆನ್ನಾಗಿ ಒದಗುತ್ತದೆ. ಆದರೆ ಕಡ್ಡಿಯ ಬುಡಕ್ಕೆ ಅಂಟಿದ ಮಣ್ಣನ್ನು ಉಜ್ಜಿ ತೊಳೆದು, ನಾಲ್ಕು ದಿನ ಬಿಸಿಲಿಗೆ ಒಣಗಿಸಿಯೇ ನೆಡಿ. ರೆಕ್ಕೆ ಅವರೆಯ ದೊಡ್ಡ ಶತ್ರು ಬೇರುಗಂಟು ಜಂತುಹುಳು, ಟೊಮೆಟೊ ಮಣ್ಣು ಅದರ ತವರು. ಹಿತ್ತಲಲ್ಲಿ ಹಿಂದಿನ ವರ್ಷ ಟೊಮೆಟೊ, ಬದನೆ, ಬೆಂಡೆ ಇದ್ದ ಪಾತಿಗೆ ಇದನ್ನು ಹಾಕಲೇಬೇಡಿ. ಮಧ್ಯಾಹ್ನ ಬಾಡಿ ಸಂಜೆ ಚೇತರಿಸುವ, ಎಲೆ ಹಳದಿಯಾಗಿ ಬೆಳವಣಿಗೆ ನಿಂತ ಬಳ್ಳಿಯನ್ನು ಕಿತ್ತು ನೋಡಿ. ಬೇರಿನ ಒಳಗೇ ಊದಿಕೊಂಡ ಗಂಟುಗಳಿದ್ದರೆ ಅದೇ ಹುಳು. ಒತ್ತಿದರೆ ಸುಲಭವಾಗಿ ಉದುರುವ, ಒಳಗೆ ನಸುಗೆಂಪಾದ ಗುಂಡುಗಳಿದ್ದರೆ ಅದು ಸಾರಜನಕ ಕೂಡಿಡುವ ಒಳ್ಳೆಯ ಗಂಟು, ಹೆದರಬೇಡಿ. ನೆಡುವ 15 ದಿನ ಮುಂಚೆ ಡ್ರಮ್ಮಿಗೆ 100 ಗ್ರಾಂ ಬೇವಿನ ಹಿಂಡಿ ಬೆರೆಸಿ ತೇವವಾಗಿಟ್ಟಿರಿ.

ಕಾಯಿ ಒಂದು ಗೇಣಿಗಿಂತ ಚಿಕ್ಕದಿದ್ದಾಗ, 10ರಿಂದ 15 ಸೆಂಟಿಮೀಟರ್ ಒಳಗೆ, ಬಾಗಿಸಿದರೆ ಚಟ್ಟನೆ ಮುರಿಯುವ ಹಂತದಲ್ಲಿ ಕೀಳಬೇಕು. ಎರಡು ದಿನ ತಡವಾದರೂ ಅಂಚು ನಾರಾಗುತ್ತದೆ. ತೆಳ್ಳಗೆ ಅಡ್ಡ ಹೆಚ್ಚಿ, ಒಗ್ಗರಣೆಗೆ ಹಾಕಿ ದೊಡ್ಡ ಉರಿಯಲ್ಲಿ ಐದಾರು ನಿಮಿಷ, ಇಳಿಸುವಾಗ ಕಾಲು ಕಿಲೋ ಕಾಯಿಗೆ ಎರಡು ಚಮಚ ಹುರಿದ ಹುಚ್ಚೆಳ್ಳು ಪುಡಿ. ಅವರೆಯ ಸೊಗಡು ಇದರಲ್ಲಿಲ್ಲ, ಅದನ್ನು ನಿರೀಕ್ಷಿಸಬೇಡಿ. ಇದರ ಗುಣ ಅಗಿಯುವಾಗಿನ ಗರಿಗರಿ. ಬೇಳೆ ಜೊತೆ ಕುಕ್ಕರಿಗೆ ಹಾಕಿದರೆ ಅದೇ ಹೋಗಿಬಿಡುತ್ತದೆ. ಬಲಿತ ಬೀಜವನ್ನು ಹಸಿಯಾಗಿ ತಿನ್ನಬಾರದು. ಸೋಯಾದಂತೆ ಜೀರ್ಣಕ್ಕೆ ಅಡ್ಡಿ ಮಾಡುವ ಅಂಶವಿರುವುದರಿಂದ ರಾತ್ರಿ ನೆನೆಸಿ, ನೀರು ಚೆಲ್ಲಿ, ಚೆನ್ನಾಗಿ ಬೇಯಿಸಲೇಬೇಕು.

ಕತ್ತಿ ಅವರೆಯ ಪೊಟ್ಟಣದಲ್ಲಿ ಕಲಬೆರಕೆ ಇತ್ತು. ಐದರಲ್ಲಿ ಮೂರು ಕೆಂಪು, ಎರಡು ಬಿಳಿ. ಬಣ್ಣ ನೋಡಿ ತೀರ್ಮಾನಿಸುವಂತಿಲ್ಲ, ಬಿಳಿ ಬೀಜದ ಕತ್ತಿ ಅವರೆಯೂ ಉಂಟು. ನೋಡಬೇಕಾದದ್ದು ಕಣ್ಣು. ಕತ್ತಿ ಅವರೆಯ ಕಣ್ಣು ಗೀರು ಹಾಕಿದಂತೆ ಬೀಜದ ಹೆಚ್ಚುಕಡಿಮೆ ಇಡೀ ಉದ್ದಕ್ಕೆ ಓಡಿರುತ್ತದೆ. ಆ ಎರಡು ಬಿಳಿಯ ಬೀಜಗಳ ಕಣ್ಣು ಅರ್ಧ ಉದ್ದವೂ ಇರಲಿಲ್ಲ, ಅಂದರೆ ಅವು ಜ್ಯಾಕ್ ಬೀನ್ ಎಂಬ ಸೋದರ ಜಾತಿ. ಹಸಿರೆಲೆ ಗೊಬ್ಬರಕ್ಕೆ ಬಹಳ ಒಳ್ಳೆಯದು. ವಿಜ್ಞಾನದ ಚರಿತ್ರೆಯಲ್ಲೂ ಅದಕ್ಕೆ ಜಾಗವಿದೆ: ಅಮೆರಿಕದ ರಸಾಯನ ವಿಜ್ಞಾನಿ ಜೇಮ್ಸ್ ಸಮ್ನರ್ 1926ರಲ್ಲಿ ಮೊದಲ ಬಾರಿಗೆ ಒಂದು ಕಿಣ್ವವನ್ನು ಹರಳಾಗಿಸಿದ್ದು ಈ ಬೀಜದ ಹಿಟ್ಟಿನಿಂದಲೇ, 1946ರ ನೊಬೆಲ್ ಅವರಿಗೆ ಬಂದದ್ದೂ ಅದಕ್ಕೇ. ಆದರೆ ಅಡುಗೆಗೆಂದು ದುಡ್ಡು ಕೊಟ್ಟವರಿಗೆ ಅಡುಗೆಯದ್ದೇ ಬೀಜ ಕೊಡಬೇಕು. ಎರಡರ ಬಲಿತ ಬೀಜದಲ್ಲೂ ವಿಷದ ಅಂಶವಿದೆ. ಮನೆಯಲ್ಲಿ ಎಳೆ ಕಾಯಿ ಮಾತ್ರ ಬಳಸಿ, ಬಲಿತ ಕಾಳನ್ನು ಹಿತಕಿದ ಬೇಳೆಯ ಹಾಗೆ ಹುಳಿಗೆ ಹಾಕುವ ಪ್ರಯೋಗ ಬೇಡ.

ಕತ್ತಿ ಅವರೆಯ ದೊಡ್ಡ ಬೀಜಕ್ಕೆ ರಾತ್ರಿಯಿಡೀ ನೀರು ಹೆಚ್ಚಾಯಿತು, ಕೊಳೆಯುತ್ತದೆ. ಐದು ಗಂಟೆ ಸಾಕು. ಅಡ್ಡಲಾಗಿ ಮಲಗಿಸಿ 3 ಸೆಂಟಿಮೀಟರ್ ಆಳಕ್ಕೆ ಊರಿ, ಒಮ್ಮೆ ನೀರು ಕೊಟ್ಟು, ಮೊಳಕೆ ಮಣ್ಣೆತ್ತುವವರೆಗೆ ಮೇಲ್ಮಣ್ಣು ಒಣಗಿದಾಗ ಮಾತ್ರ ಚಿಮುಕಿಸಿ. ಕಾಯಿ ಗೇಣುದ್ದ ದಾಟಿ ಮೊಳಕ್ಕೆ ಹೋಗುವಂಥದ್ದು, ನೋಡಲು ಚಂದವೆಂದು ಬಿಟ್ಟರೆ ತೊಗಲಾಗುತ್ತದೆ. ಒಳಗಿನ ಕಾಳು ಹೊರಗಿನಿಂದ ಉಬ್ಬಾಗಿ ಕಾಣುವ ಮುಂಚೆ ಕಿತ್ತು, ಎರಡೂ ಬದಿಯ ನಾರು ಎಳೆದು, ಹೆಚ್ಚಿ 10 ನಿಮಿಷ ಬೇಯಿಸಿ ನೀರು ಬಸಿದು ಆಮೇಲೆ ಪಲ್ಯ ಮಾಡಿ. ಬಸಿದ ನೀರನ್ನು ಬಸ್ಸಾರಿಗೆ ಬಳಸಬೇಡಿ. ಬಸಿದದ್ದೆಲ್ಲ ಸಾರಿಗೆ ಎಂಬ ನಮ್ಮ ಕಡೆಯ ಕೈಗೆ ಇದೊಂದನ್ನು ನೆನಪಿಸಬೇಕಾಗುತ್ತದೆ.

ಮಡಹಾಗಲದ ಪೊಟ್ಟಣವನ್ನು ಈ ಅಂಗಡಿ ಮಾರಲೇಬಾರದು. ಬೀಜ ಕೆಟ್ಟದ್ದೆಂದಲ್ಲ, ಬೀಜವಾಗಿ ಮಾರುವುದೇ ತಪ್ಪು. ಇದರ ಗಂಡು ಬಳ್ಳಿ ಬೇರೆ, ಹೆಣ್ಣು ಬಳ್ಳಿ ಬೇರೆ. ಬೀಜದಿಂದ ಬಂದ ಬಳ್ಳಿಗಳಲ್ಲಿ ಹೆಚ್ಚುಕಡಿಮೆ ಅರ್ಧಕ್ಕರ್ಧ ಗಂಡೇ. ಹೂ ಬರುವವರೆಗೆ ಯಾವುದು ಯಾವುದೆಂದು ಹೇಳಲಾಗುವುದಿಲ್ಲ. ಮೇಲಾಗಿ ಹೊಸ ಬೀಜ ತಿಂಗಳುಗಟ್ಟಲೆ ನಿದ್ದೆಯಲ್ಲಿರುತ್ತದೆ. 10ರಲ್ಲಿ ಮೊಳೆತದ್ದು 3, ಮೂರೂ ಗಂಡಾದವು. ಕಾಯಿ ಸೊನ್ನೆ. ತೋಟದವರು ಎಂಟು ಹತ್ತು ಹೆಣ್ಣಿಗೆ ಒಂದು ಗಂಡು ಇಡುತ್ತಾರೆ, ಮನೆಗೆ ಎರಡು ಹೆಣ್ಣು ಒಂದು ಗಂಡು ಸಾಕು. ಅದು ಸಾಧ್ಯವಾಗುವುದು ಲಿಂಗ ಗೊತ್ತಿರುವ ಗೆಡ್ಡೆ ತಂದಾಗ ಮಾತ್ರ. ತುಮಕೂರು ಕಡೆಯ ಕುರುಚಲು ಕಾಡಿನ ಬದಿ, ಬೇಲಿ ಸಾಲುಗಳಲ್ಲಿ ಇದು ತಾನೇ ಬೆಳೆಯುತ್ತದೆ. ಮಳೆಗಾಲದಲ್ಲಿ ಕಾಯಿ ಬಿಟ್ಟ ಬಳ್ಳಿಯನ್ನು ಗುರುತಿಟ್ಟುಕೊಂಡು, ಒಣಗಿದ ಮೇಲೆ ಜಾಗದವರನ್ನು ಕೇಳಿ ಒಂದು ಗೆಡ್ಡೆ ತಂದರೆ ಈ ಕಟ್ಟಿನ ಪೊಟ್ಟಣಕ್ಕಿಂತ ಖಚಿತ ಫಲ.

ಗೆಡ್ಡೆಯನ್ನು ಮೇ ತಿಂಗಳಲ್ಲಿ, ಮೊಳಕೆಯ ತುದಿ ಮೇಲಾಗಿ, ನಾಲ್ಕು ಬೆರಳು ಆಳಕ್ಕೆ ಕೂರಿಸಿ. ಹೂ ಅರಳುವುದು ಸಂಜೆ. ಪರಾಗ ಹೊರುವವು ರಾತ್ರಿ ಚಿಟ್ಟೆಗಳು, ಊರೊಳಗಿನ ಟೆರೇಸಿಗೆ ಅವು ಬಂದೇ ಬರುತ್ತವೆ ಎನ್ನುವಂತಿಲ್ಲ. ಹೀಗಾಗಿ ಕೈಯಿಂದ ಮಾಡುವುದು ಕ್ಷೇಮ. ಹಳದಿ ಹೂ ಎರಡರದ್ದೂ ಒಂದೇ ತೆರ. ಹೆಣ್ಣು ಹೂವಿನ ಬುಡದಲ್ಲಿ ಹೆಸರುಕಾಳಿಗಿಂತ ಸ್ವಲ್ಪ ದೊಡ್ಡದಾದ, ಮೈಯೆಲ್ಲ ಮೆತ್ತನೆಯ ಮುಳ್ಳಿರುವ ಹಸಿರು ಗುಂಡು ಇರುತ್ತದೆ. ಗಂಡಿನಲ್ಲಿ ಆ ಗುಂಡಿಲ್ಲ, ಬದಲಿಗೆ ಹೂವಿನ ಕೆಳಗೇ ಕೊಪ್ಪೆ ಹಾಕಿದಂತೆ ಒಂದು ದುಂಡು ಎಲೆ ಮೊಗ್ಗನ್ನು ತಬ್ಬಿಕೊಂಡಿರುತ್ತದೆ. ಆ ಕೊಪ್ಪೆ ಕಂಡರೆ ಅರಳುವ ಮುಂಚೆಯೇ ಗಂಡೆಂದು ಹೇಳಬಹುದು. ಅರಳಿದ ಗಂಡು ಹೂ ಕಿತ್ತು, ಎಸಳು ಹಿಂದಕ್ಕೆ ಮಡಿಚಿ, ನಡುವಿನ ಹಳದಿ ಪುಡಿಯನ್ನು ಹೆಣ್ಣು ಹೂವಿನ ನಡುವೆ ಹಗುರವಾಗಿ ಎರಡು ಸುತ್ತು ತಿರುಗಿಸಿ. ಒಂದು ಗಂಡು ಹೂ ಮೂರ್ನಾಲ್ಕು ಹೆಣ್ಣಿಗೆ ಆಗುತ್ತದೆ. ಹಿಡಿದಿದ್ದರೆ ಮೂರನೇ ದಿನಕ್ಕೆ ಗುಂಡು ದಪ್ಪವಾಗಿ ತಲೆ ಬಗ್ಗಿಸುತ್ತದೆ, ಇಲ್ಲವಾದರೆ ಹಳದಿಯಾಗಿ ಉದುರುತ್ತದೆ. 12ರಿಂದ 15 ದಿನಕ್ಕೆ ಹಸಿರಿದ್ದಾಗಲೇ ಕೀಳಿ, ಹಳದಿ ತಿರುಗಿದರೆ ಬೀಜ ಕಲ್ಲು. ಅರ್ಧ ಸೀಳಿ, ಉಪ್ಪು ಖಾರ ಸವರಿ, ಕಬ್ಬಿಣದ ಕಾವಲಿಯಲ್ಲಿ ಸಣ್ಣ ಉರಿಯಲ್ಲಿ ಹುರಿದರೆ ರಾಗಿಮುದ್ದೆಯ ಪಕ್ಕ ಬೇರೇನೂ ಬೇಡ.

ಚಕ್ರಮುನಿಯ ಕಡ್ಡಿ ಮೂರಕ್ಕೆ ಮೂರೂ ಬೇರು ಬಿಟ್ಟವು. ಪೆನ್ಸಿಲ್ ದಪ್ಪದ್ದನ್ನೇ ಆರಿಸಿ, ಗೇಣುದ್ದ ಕತ್ತರಿಸಿ ಕೊಟ್ಟಿರುವುದು ಮೆಚ್ಚಬೇಕಾದ ಕೆಲಸ. ಎಲೆಯೆಲ್ಲ ಸವರಿ, ಎರಡು ಗಿಣ್ಣು ಮಣ್ಣೊಳಗೆ ಹೋಗುವಂತೆ ನೆಟ್ಟು ಒಂದು ತಿಂಗಳು ನೆರಳಲ್ಲಿಡಿ. ಆಮೇಲೆ ವರ್ಷಗಟ್ಟಲೆ ಸೊಪ್ಪು. ಮೊಣಕಾಲೆತ್ತರದಲ್ಲಿ ತುದಿ ಚಿವುಟುತ್ತಾ ಹೋದರೆ ಪೊದೆಯಾಗುತ್ತದೆ, ಬಿಟ್ಟರೆ ಬಡಕಲು ಕೋಲಾಗಿ ಬಾಗುತ್ತದೆ. ಎಲೆಗೆ ಹಸಿ ಕಡಲೆಕಾಯಿಯ ರುಚಿ, ಮಸ್ಸೊಪ್ಪಿಗೆ ಒಂದು ಹಿಡಿ ಬೆರೆತರೆ ಸಾರು ಮಂದವಾಗಿ ಬರುತ್ತದೆ.

ಆದರೆ ಕಡ್ಡಿಗೆ ಕಟ್ಟಿದ್ದ ಚೀಟಿಯಲ್ಲಿ 'ತೂಕ ಇಳಿಸಲು ದಿನಾ ಬೆಳಿಗ್ಗೆ ಹಸಿ ರಸ ಕುಡಿಯಿರಿ' ಎಂದು ಬರೆದಿದೆ. ಇದನ್ನು ಅಂಗಡಿಯವರು ಇಂದೇ ಹರಿದು ಹಾಕಬೇಕು. 1994-95ರಲ್ಲಿ ತೈವಾನ್‌ನಲ್ಲಿ ಇದೇ ಎಲೆಯ ಹಸಿ ರಸವನ್ನು ತೂಕ ಇಳಿಸಲೆಂದು ವಾರಗಟ್ಟಲೆ ಕುಡಿದ ನೂರಾರು ಜನರ ಶ್ವಾಸಕೋಶದ ಸಣ್ಣ ನಾಳಗಳು ಮುಚ್ಚಿಹೋದವು. ಕುಡಿಯುವುದು ಬಿಟ್ಟರೂ ಹಾನಿ ಸರಿಹೋಗಲಿಲ್ಲ, ಕೆಲವರು ಸತ್ತರು. ಮಲೇಷ್ಯಾ, ಇಂಡೋನೇಷ್ಯಾಗಳಲ್ಲಿ ತಲೆಮಾರುಗಳಿಂದ ಇದನ್ನು ಉಣ್ಣುತ್ತಾ ಬಂದಿರುವುದು ಬೇಯಿಸಿ, ಬೇರೆ ಅಡುಗೆಯ ಜೊತೆ. ನಾವೂ ವಾರಕ್ಕೆ ಒಂದೆರಡು ಬಾರಿ, ಹಿಡಿಯಷ್ಟು, ಬೇಯಿಸಿಯೇ ತಿನ್ನೋಣ. ಹಸಿ ರಸ, ಸ್ಮೂದಿ, ಒಣಪುಡಿ ಯಾವುದೂ ಬೇಡ.

ಗೊಂಚಲು ಹೀರೆಗೆ ಬಹಳ ಹೇಳುವಂಥದ್ದಿಲ್ಲ, ಅಷ್ಟು ಸಲೀಸು. ಒಂದೇ ಹೂವಿನಲ್ಲಿ ಗಂಡೂ ಹೆಣ್ಣೂ ಇರುವುದರಿಂದ ಕಾಯಿ ಕಚ್ಚಲು ಹರಸಾಹಸವಿಲ್ಲ, ಗೊಂಚಲಿಗೆ ಐದರಿಂದ ಏಳು. ಹೆಬ್ಬೆರಳ ಉಗುರು ಸಲೀಸಾಗಿ ಇಳಿಯುವಾಗ ಕೀಳಿ. ಹೆಚ್ಚುವ ಮುಂಚೆ ತುದಿಯ ಚೂರನ್ನು ನಾಲಿಗೆಗೆ ತಾಕಿಸಿ ನೋಡಿ, ಕಹಿಯಿದ್ದರೆ ಉಗುಳಿ ಆ ಕಾಯಿಯನ್ನು ಎಸೆಯಿರಿ. ಆ ಕಹಿ ಬೇಯಿಸಿದರೂ ಹೋಗುವುದಿಲ್ಲ, ವಾಂತಿ ಭೇದಿ ತರಿಸುತ್ತದೆ. ಹಣ್ಣುನೊಣ ಚುಚ್ಚಿದ ಎಳೆ ಕಾಯಿಗಳನ್ನು ಬುಡದಲ್ಲಿ ಬಿಡದೆ ನೀರು ತುಂಬಿದ ಬಕೆಟ್ಟಿಗೆ ಹಾಕಿ ವಾರ ಮುಳುಗಿಸಿಡಿ, ಇಲ್ಲವಾದರೆ ಒಳಗಿನ ಹುಳು ಮಣ್ಣಿಗಿಳಿದು ಮತ್ತೆ ನೊಣವಾಗುತ್ತದೆ.

ಕೆಂಪು ಬೆಂಡೆ 20ರಲ್ಲಿ 17 ಮೊಳೆಯಿತು. ಬೇಯಿಸಿದರೆ ಬಣ್ಣ ಹಸಿರಿಗೆ ತಿರುಗುವುದು ಸಹಜ, ಮೋಸವಲ್ಲ. ಕೆಂಪು ಬೇಕಿದ್ದರೆ ಎಳೆಯದನ್ನು ಹಸಿಯಾಗಿ ಮೊಸರು ಬಜ್ಜಿಗೆ ಹಾಕಿ. ಬೇಸಿಗೆ ಬಿತ್ತನೆಗೆ ಕೋಲಾರದಲ್ಲಿ ಇದು ಒಗ್ಗದು. ಟೊಮೆಟೊಗೆ ಎಲೆಮುದುಡು ರೋಗ ಹೊರುವ ಬಿಳಿನೊಣವೇ ಬೆಂಡೆಗೆ ಹಳದಿ ನರದ ನಂಜು ತರುತ್ತದೆ, ಸುತ್ತ ಟೊಮೆಟೊ ಇರುವ ಊರಲ್ಲಿ ಅದಕ್ಕೆ ಬರವಿಲ್ಲ. ಎಲೆಯ ನರಗಳು ಬಲೆಯಂತೆ ಹಳದಿಯಾದ ಮೊದಲ ಗಿಡವನ್ನು ಅಂದೇ ಕಿತ್ತು ಸುಡಿ, ಔಷಧಿಯಿಲ್ಲ.

ಪುಂಡಿ, ನಮ್ಮ ಗಡಿಭಾಗದ ಬಾಯಲ್ಲಿ ಗೋಂಗೂರ, ಸೊಪ್ಪಿಗಾದರೆ ಯಾವಾಗ ಬೇಕಾದರೂ ಬಿತ್ತಬಹುದು, 30 ದಿನಕ್ಕೆ ಕೀಳಬಹುದು. ಈ ಕೆಂಪು ತಳಿಯ ಬೆಲೆ ಇರುವುದು ಹೂವಿನ ಬುಡದ ರಸಭರಿತ ಕೆಂಪು ಬಟ್ಟಲಲ್ಲಿ. ಅದಕ್ಕೂ ಕುಗ್ಗಿದ ಹಗಲು ಬೇಕು. ಜುಲೈನಲ್ಲಿ ಬಿತ್ತಿ, ಅಕ್ಟೋಬರ್ ನವೆಂಬರ್‌ನಲ್ಲಿ ಹೂ ಉದುರಿದ ಎರಡು ಮೂರು ವಾರಕ್ಕೆ ಕಿತ್ತು, ಒಳಗಿನ ಬೀಜದ ಗುಂಡು ತೆಗೆದು ಚಟ್ನಿಗೋ ಒಣಗಿಸಿ ಕಷಾಯಕ್ಕೋ ಇಡಿ. ಹುಳಿ ಬಲವಾದ್ದರಿಂದ ಅಲ್ಯೂಮಿನಿಯಂ ಪಾತ್ರೆ ಬೇಡ. ಕಾಂಡದ ಸಂದಿನ ಬಿಳಿ ಹಿಟ್ಟುತಿಗಣೆಗೆ ನೀರಿನ ಜೋರು ಚಿಮ್ಮು, ಮತ್ತೆ ಬಂದರೆ ಲೀಟರ್‌ಗೆ 5 ಮಿಲಿ ಬೇವಿನೆಣ್ಣೆ, ಚಿಟಿಕೆ ಸೋಪು, ಸಂಜೆ ಹೊತ್ತು. ಶಿಡ್ಲಘಟ್ಟ, ಚಿಂತಾಮಣಿ ಕಡೆಯವರು, ಪಕ್ಕದಲ್ಲಿ ಹಿಪ್ಪುನೇರಳೆ ತೋಟವಿದ್ದವರು ಈ ಸಿಂಪಡಣೆಗೂ ಗಾಳಿಯ ದಿಕ್ಕು ನೋಡಬೇಕು. ಬೇವು ಬಿದ್ದ ಸೊಪ್ಪು ತಿಂದರೆ ರೇಷ್ಮೆಹುಳುವಿಗೆ ಅಪಾಯ, ಒಂದು ಕುಟುಂಬದ ಇಡೀ ಬೆಳೆ ಹೋಗಬಹುದು.

ಅದೇ ರೇಷ್ಮೆ ಮನೆಗಳಿಂದ ಸಿಗುವ ಹಿಕ್ಕೆ ಇಲ್ಲಿನ ಕೈತೋಟಕ್ಕೆ ದೊಡ್ಡ ವರ. ಹಸಿಯದನ್ನು ಬುಡಕ್ಕೆ ಸುರಿದರೆ ಬಿಸಿಯಾಗಿ ಬೇರು ಬೇಯುತ್ತದೆ. ಒಣ ಎಲೆಯ ಜೊತೆ ಪದರವಾಗಿಟ್ಟು ಮೂರು ತಿಂಗಳು ಕಳಿಯಬೇಕು. ಎರಡು ಪಾಲು ಕೆಮ್ಮಣ್ಣಿಗೆ ಒಂದು ಪಾಲು ಇದು, ಅರ್ಧ ಪಾಲು ಮರಳು. ಸಾರಜನಕ ಜಾಸ್ತಿ ಇರುವುದರಿಂದ ಬೆಂಡೆ, ಪುಂಡಿ, ಚಕ್ರಮುನಿಗೆ ತಿಂಗಳಿಗೊಮ್ಮೆ ಹಿಡಿಯಷ್ಟು ಕೊಡಬಹುದು. ರೆಕ್ಕೆ ಅವರೆ, ಕತ್ತಿ ಅವರೆಗೆ ನೆಡುವಾಗ ಕೊಟ್ಟದ್ದೇ ಸಾಕು, ಹೆಚ್ಚಾದರೆ ಬರೀ ಎಲೆ. ದಿನಾ ನೀರು ಹಾಕಿ ಎಂಬ ಸೂಚನೆಯನ್ನೂ ಮರೆಯಿರಿ, ಬೆರಳು ಎರಡು ಗಿಣ್ಣು ಇಳಿಸಿ ಒಣಗಿದ್ದರೆ ಮಾತ್ರ. ಬೋರ್‌ವೆಲ್ ನೀರಿನ ಉಪ್ಪು ಕುಂಡದ ಅಂಚಿಗೆ ಬೆಳ್ಳಗೆ ಕಟ್ಟಿ, ಚಕ್ರಮುನಿಯ ಎಲೆ ತುದಿ ಸುಟ್ಟಂತಾದರೆ ತಳದ ತೂತಿನಿಂದ ಧಾರಾಳವಾಗಿ ಹರಿಯುವಷ್ಟು ಮಳೆನೀರು ಒಮ್ಮೆ ಬಿಡಿ.

ಇಡೀ ಕಟ್ಟು ಕೊಳ್ಳುವ ಅಗತ್ಯವಿಲ್ಲ. ಕೇಳಿದರೆ ಅಂಗಡಿಯಲ್ಲಿ ಬಿಡಿಯಾಗಿಯೂ ಕೊಡುತ್ತಾರೆ. ರೆಕ್ಕೆ ಅವರೆ, ಗೊಂಚಲು ಹೀರೆ, ಪುಂಡಿ ಮತ್ತು ಚಕ್ರಮುನಿ ಕಡ್ಡಿ ತನ್ನಿ, ಅದೂ ಜೂನ್‌ನಲ್ಲಿ. ಕತ್ತಿ ಅವರೆಯನ್ನು ಪೊಟ್ಟಣ ಬಿಡಿಸಿ ಕಣ್ಣು ನೋಡಿದ ಮೇಲೆ ತನ್ನಿ. ಮಡಹಾಗಲಕ್ಕೆ ಗೆಡ್ಡೆಯೇ ಹುಡುಕಿ. ನವೆಂಬರ್ ಕಳೆದರೆ ಅದರ ಬಳ್ಳಿ ಪೂರ್ತಿ ಒಣಗಿ, ಕುಂಡ ಖಾಲಿಯಂತೆ ಕಾಣುತ್ತದೆ. ಮಣ್ಣನ್ನು ಬೇರೆ ಗಿಡಕ್ಕೆ ಸುರಿಯಬೇಡಿ, ನೀರೂ ಹಾಕಬೇಡಿ, ಮಳೆ ಬೀಳದ ಕಡೆ ಸರಿಸಿಡಿ. ಅದಕ್ಕೂ ಮುಂಚೆ, ಹೂ ಇರುವಾಗಲೇ, ಕುಂಡದ ಹೊರಮೈ ಮೇಲೆ ಗಂಡು ಅಥವಾ ಹೆಣ್ಣು ಎಂದು ಪೇಂಟಿನಲ್ಲಿ ಬರೆದಿಡಿ. ಬಳ್ಳಿ ಒಣಗಿದ ಮೇಲೆ ಗೆಡ್ಡೆ ನೋಡಿ ಅದನ್ನು ಹೇಳಲಾಗುವುದಿಲ್ಲ.